ಬಟ್ಟೆಯ ಕೋಣೆಯಲ್ಲಿ ಬಿಚ್ಚಿದ ಗಂಟು

ಸಾವಿರದ ಒಂಬೈನೂರ ಅರವತ್ತೊಂದನೆಯ ಇಸವಿ, ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಮೂರನೆಯ ಶುಕ್ರವಾರ.

ಪೂಜ್ಯ ಮಾತೆ ಸೆಲೆಸ್ತೀನಾ ಅವರು ಆ ವೇಳೆಗೆ ಕಲ್ಲಾರೆಪಾಳ್ಯದ ವ್ಯಾಕುಲಮಾತೆಯ ಆಸ್ಪತ್ರೆಯಲ್ಲಿ ಬಟ್ಟೆಯ ಕೋಣೆಯನ್ನು ನೋಡಿಕೊಳ್ಳುತ್ತಿದ್ದರು. ಅಡುಗೆಮನೆಯ ಹಿಂದೆ, ಸೌದೆಯ ಕೊಟ್ಟಿಗೆಗೆ ಒತ್ತಿಕೊಂಡಂತೆ ಇದ್ದ ತಗ್ಗು ಮಾಡಿನ ಕೋಣೆ ಅದು. ಒಳಗೆ ಒಂದು ಉದ್ದನೆಯ ಮೇಜು, ಗಂಜಿ ಕಾಯಿಸುವ ಒಲೆ, ಕೆಂಡದ ಇಸ್ತ್ರಿಪೆಟ್ಟಿಗೆ, ಗೋಡೆಯ ಮೇಲೆ ಅಂಗೈಯಷ್ಟು ದೊಡ್ಡ ಶಿಲುಬೆ. ಕಿಟಕಿ ಒಂದೇ. ಬೇಸಗೆಯಲ್ಲಿ ಅಲ್ಲಿ ನಿಂತವರ ಬೆನ್ನು ಬೆವರಿನಿಂದ ತೊಯ್ಯುತ್ತಿತ್ತು. ಮಳೆಗಾಲದಲ್ಲಿ ಆರದ ಬಟ್ಟೆಯ ವಾಸನೆ ಮೂಗಿಗೆ ಅಡರುತ್ತಿತ್ತು. ಅದಕ್ಕೆ ಮೊದಲು ಮಾತೆಯವರು ಬಹುಕಾಲ ಹೆರಿಗೆಮನೆಯ ಮುಖ್ಯಸ್ಥೆಯಾಗಿದ್ದವರು. ಸುತ್ತಲಿನ ಹಳ್ಳಿಗಳಲ್ಲಿ ಗಡ್ಡಮೀಸೆ ಬಂದ ಗಂಡಸರು ಸಹ ತಾವು ಅವರ ಕೈಯಲ್ಲಿ ಹುಟ್ಟಿದವರೆಂದು ಹೇಳಿಕೊಳ್ಳುತ್ತಿದ್ದರು. ಬೆರಳಿನ ಗೆಣ್ಣುಗಳು ಊದಿ, ಸೊಟ್ಟಗಾಗಿ, ಕತ್ತರಿಯನ್ನು ಸಹ ಸರಿಯಾಗಿ ಹಿಡಿಯಲಾರದಂತಾದಾಗ ಮೇಲಿನವರು ಅವರನ್ನು ಬಟ್ಟೆಯ ಕೋಣೆಗೆ ಕಳುಹಿಸಿದರು. ಅದು ಅವಮಾನವೆಂದು ಕೆಲವರು ಗುಸುಗುಸು ಮಾತಾಡಿದರು. ಅಪ್ಪಣೆಯಾದ ದಿನವೇ ಮಾತೆಯವರು ಜಪಸರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಳ ದಾಟಿದರು. ಮರುದಿನ ಹಾಸಿಗೆಯ ಬಟ್ಟೆಗಳು ಎಂದಿನ ಹೊತ್ತಿಗೆ ಇಸ್ತ್ರಿಯಾಗಿ ಬಂದವು.

ಅವರಿಗೆ ಒಂದು ರೂಢಿಯಿತ್ತು. ಸಹೋದರಿಯರ ಸವೆದ ಉಡುಪು, ಊರವರು ಕೊಟ್ಟ ಹಳೆಯ ಸೀರೆ, ಯಾವುದು ಮೆತ್ತಗಿದೆಯೋ ಅದರಿಂದ ಅವರು ಕುಲಾವಿ ಹೊಲಿಯುತ್ತಿದ್ದರು. ಆ ಆಸ್ಪತ್ರೆಯಲ್ಲಿ ಹುಟ್ಟಿದ ಮಗು ಅವರು ಹೊಲಿದ ಕುಲಾವಿಯನ್ನು ತಲೆಗೆ ಕಟ್ಟಿಕೊಂಡೇ ಮನೆಗೆ ಹೋಗುತ್ತಿತ್ತು. ಹೊಲಿಗೆ ಅಂಕುಡೊಂಕು, ಆ ಬೆರಳುಗಳಿಂದ ಅದಕ್ಕಿಂತ ಹೆಚ್ಚಿನದು ಸಾಧ್ಯವಿರಲಿಲ್ಲ. ಆದರೂ ತಾಯಂದಿರು ಅವನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳುತ್ತಿದ್ದರು. ಮಗುವಿಗೆ ಜ್ವರ ಬಂದಾಗ ಆ ಕುಲಾವಿಯನ್ನು ತೊಡಿಸಿದರೆ ಜ್ವರ ಇಳಿಯುವುದೆಂಬ ಮಾತು ಹಳ್ಳಿಗಳಲ್ಲಿ ಹಬ್ಬಿತ್ತು. ಯಾರೋ ಇದನ್ನು ಎದುರಿಗೇ ಹೇಳಿದಾಗ ಮಾತೆಯವರು ಹುಬ್ಬು ಗಂಟಿಕ್ಕಿ, ಜ್ವರ ಇಳಿಸುವುದು ಡಾಕ್ಟರ ಔಷಧಿ, ಇದು ಬರೀ ಬಟ್ಟೆ, ಸುಮ್ಮನೆ ದೇವರ ಮೇಲೆ ಇಲ್ಲದ ಕಥೆ ಹೊರಿಸಬೇಡಿ ಎಂದು ಗದರಿದ್ದರು.

ಹೆರಿಗೆಮನೆಯ ದಾದಿಯರಲ್ಲಿ ಮದಲೇನ ಎಂಬಾಕೆ ಇದ್ದಳು. ಚರ್ಚಿನಲ್ಲಿ ಧರ್ಮಪಾಠ ಹೇಳುವ ಉಪದೇಶಿ ಇನ್ಯಾಸಪ್ಪನವರ ಮಗಳು. ಮಿತಮಾತು, ಚುರುಕು ಕೈ. ಕಷ್ಟದ ಹೆರಿಗೆಗೆ ಡಾಕ್ಟರು ಮೊದಲು ಕೂಗುತ್ತಿದ್ದುದು ಆಕೆಯ ಹೆಸರನ್ನೇ.

ಹೆರಿಗೆಮನೆಗೆ ಜನ ಸಂತೋಷವನ್ನು ಹುಡುಕಿಕೊಂಡು ಬರುತ್ತಾರೆ. ಅಲ್ಲಿ ಸಾವು ಬಂದಾಗ ಅದಕ್ಕೆ ಕೂರಲು ಜಾಗವಿರುವುದಿಲ್ಲ. ಪಕ್ಕದ ಮಂಚದಲ್ಲಿ ಮಗು ಅಳುತ್ತಿರುತ್ತದೆ, ವರಾಂಡದಲ್ಲಿ ಯಾರೋ ಸಕ್ಕರೆ ಹಂಚುತ್ತಿರುತ್ತಾರೆ. ದಾದಿಯರು ತಮತಮಗೆ ತೋಚಿದ ಉಪಾಯ ಮಾಡಿಕೊಂಡಿದ್ದರು. ಒಬ್ಬಳು ನಲ್ಲಿಯ ಕೆಳಗೆ ಕೈಯಿಟ್ಟರೆ ಚರ್ಮ ಬೆಳ್ಳಗೆ ಸುಕ್ಕಾಗುವವರೆಗೆ ತೆಗೆಯುತ್ತಿರಲಿಲ್ಲ. ಇನ್ನೊಬ್ಬಳು ಆ ದಿನವಿಡೀ ಎಲ್ಲರನ್ನೂ ನಗಿಸುತ್ತ ತಿರುಗುತ್ತಿದ್ದಳು. ಆಕೆ ತೀರ ಹೆಚ್ಚು ನಗಿಸಿದ ದಿನ ಉಳಿದವರಿಗೆ ಅರ್ಥವಾಗುತ್ತಿತ್ತು. ಮುಖ್ಯಸ್ಥೆ ಸಿಸ್ಟರ್ ಲುದೋವಿಕಾ ಅವರದು ಒಂದೇ ಮಾತು: ಮುಂದಿನ ಮಂಚ ಕಾಯುತ್ತಿದೆ. ಅವರು ಕಠಿಣಹೃದಯದವರೇನಲ್ಲ. ಆ ಮಾತನ್ನು ಹಿಡಿದುಕೊಂಡೇ ಅವರು ಎಷ್ಟೋ ವರ್ಷ ನಿಂತಿದ್ದರು.

ಮದಲೇನಳ ಉಪಾಯ ಬೇರೆ. ಕೆಲಸ ಕಲಿಯುತ್ತಿದ್ದಾಗ ಹಿರಿಯ ದಾದಿಯೊಬ್ಬಳು ಆಕೆಗೆ ಹೇಳಿಕೊಟ್ಟಿದ್ದಳು: ಮಗು ಸತ್ತು ಹುಟ್ಟಿದರೆ ಮುಖ ನೋಡಬೇಡ, ನೋಡಿದರೆ ಅದನ್ನು ಮನೆಗೆ ಹೊತ್ತುಕೊಂಡು ಹೋಗುತ್ತೀಯೆ. ಮದಲೇನ ಅದನ್ನು ಅಕ್ಷರಶಃ ಪಾಲಿಸಿದಳು. ಮೊದಲು ಮುಖಕ್ಕೆ ಬಟ್ಟೆ, ಆಮೇಲೆ ಉಳಿದ ಕೆಲಸ. ಸುತ್ತಿ, ತುದಿಗಳನ್ನು ಸೇರಿಸಿ, ಎಳೆದು, ಒಂದರ ಮೇಲೊಂದು ಬಿಗಿಯಾಗಿ ಗಂಟು ಹಾಕುವಳು. ಆ ಗಂಟು ಬಿದ್ದರೆ ಆಕೆಯ ಪಾಲಿಗೆ ಅದು ಮುಗಿಯಿತು. ಮದಲೇನ ಕಟ್ಟಿದ್ದನ್ನು ಕಡೆಯ ನ್ಯಾಯತೀರ್ಪಿನ ದಿನ ದೇವದೂತರೂ ಬಿಚ್ಚಲಾರರು, ಆ ಮಕ್ಕಳು ಹಾಗೇ ಮೂಟೆಯಾಗಿ ಸ್ವರ್ಗಕ್ಕೆ ಉರುಳಿಕೊಂಡು ಹೋಗಬೇಕಾದೀತು ಎಂದು ಜೊತೆಯವರು ಆಕೆಯನ್ನು ಕೆಣಕುವುದಿತ್ತು. ಆಕೆಯೂ ನಗುತ್ತಿದ್ದಳು.

ಆ ಶುಕ್ರವಾರ ನಸುಕಿನಲ್ಲಿ ಹಾಲುಗೆರೆಯ ಪುಟ್ಟಸಿದ್ದಮ್ಮ ಎಂಬವಳಿಗೆ ಹೆರಿಗೆಯಾಯಿತು. ಮಗುವಿನ ಎದೆಬಡಿತ ಹಿಂದಿನ ದಿನವೇ ನಿಂತಿತ್ತು. ಹೊಟ್ಟೆಗೆ ಒತ್ತಿ ಕೇಳುವ ಮರದ ಕೊಳವೆಗೆ ಕಿವಿಕೊಟ್ಟು ಡಾಕ್ಟರು ತಲೆಯಾಡಿಸಿದ್ದರು. ಪುಟ್ಟಸಿದ್ದಮ್ಮನಿಗೂ ತಿಳಿದಿತ್ತು. ಆಕೆಗೆ ಇದು ಹೊಸದಲ್ಲ. ಹಿಂದೆ ಮನೆಯಲ್ಲೇ ಹೆತ್ತ ಕೂಸುಗಳೂ ಹೀಗೆಯೇ ಹೋಗಿದ್ದವು; ಒಂದನ್ನೂ ಆಕೆ ಕಂಡಿರಲಿಲ್ಲ. ಅತ್ತೆ ದೊಡ್ಡತಾಯಮ್ಮ ಅವನ್ನು ಎತ್ತಿಕೊಂಡು ಹಿತ್ತಿಲ ಬಾಗಿಲಿನಿಂದ ಹೋಗಿ ಬರಿಗೈಯಲ್ಲಿ ಬಂದಿದ್ದಳು. ಏನಿತ್ತು ಎಂದು ಕೇಳಿದ್ದಕ್ಕೆ, ಏನೂ ಇರಲಿಲ್ಲ, ಬರೀ ಮಾಂಸದ ಮುದ್ದೆ ಎಂದಿದ್ದಳು. ಈ ಸಲ ಆಸ್ಪತ್ರೆಗೆ ಬರುವಾಗ ಪುಟ್ಟಸಿದ್ದಮ್ಮ ತನ್ನ ಧಾರೆಸೀರೆಯ ಅರ್ಧವನ್ನು ಹರಿದು, ಒಗೆದು ಒಗೆದು ಮೆತ್ತಗೆ ಮಾಡಿ, ಕೂಸನ್ನು ಸುತ್ತಲೆಂದು ತಂದು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಳು.

ಮದಲೇನ ಎಂದಿನಂತೆ ಕೆಲಸ ಮುಗಿಸಿದಳು. ಕೈಗೆ ಸಿಕ್ಕ ಬಟ್ಟೆಯಲ್ಲಿ ಸುತ್ತಿ, ಗಂಟು ಬಿಗಿದು, ಕೆಲಸದವಳ ಕೈಗೆ ಕೊಟ್ಟಳು. ಬೆಳಕು ಹರಿದ ಮೇಲೆ, ಮೈ ಒರೆಸಿ ಬಟ್ಟೆ ಬದಲಿಸಲು ಆಕೆ ಹತ್ತಿರ ಹೋದಾಗ ಪುಟ್ಟಸಿದ್ದಮ್ಮ ಆಕೆಯ ಮುಂಗೈ ಹಿಡಿದುಕೊಂಡಳು.

"ನರ್ಸಮ್ಮ, ಯಾರಂಗಿತ್ತವ್ವ ನನ್ ಕೂಸು?"

ಹೆರಿಗೆಮನೆಯಲ್ಲಿ ದಿನವೂ ಕೇಳಿಬರುವ ಪ್ರಶ್ನೆ ಅದು. ಯಾವ ತಾಯಿಯೂ ಅದನ್ನು ಕೇಳದೆ ಇರುವುದಿಲ್ಲ. ಸತ್ತ ಮಗುವಿನ ತಾಯಿ ಮಾತ್ರ ಅದನ್ನು ಮದಲೇನಳನ್ನು ಎಂದೂ ಕೇಳಿರಲಿಲ್ಲ. ಉತ್ತರ ಆಕೆಗೆ ಗೊತ್ತಿರಲಿಲ್ಲ. ಆದರೆ ನಾಲಿಗೆ ತಡವರಿಸಲಿಲ್ಲ. ನಿಮ್ಮ ಯಜಮಾನರ ಹಾಗೇ ಇತ್ತಮ್ಮ ಎಂದುಬಿಟ್ಟಳು.

ಪುಟ್ಟಸಿದ್ದಮ್ಮ ಮುಂಗೈ ಬಿಟ್ಟಳು. "ಅವರಂಗಾ? ಅಂಗಾರೆ ಮೂಗು ದಪ್ಪಗಿದ್ದದು" ಎಂದಳು. ಒಣಗಿದ ತುಟಿ ಒಂದಿಷ್ಟು ಅಗಲವಾಯಿತು. "ಒಂದಾರೂ ಮೊಕ ಇರ್ಲಿ ಅಂತ ಕೇಳ್ದೆ ಕನವ್ವ. ಮಿಕ್ಕವ್ಕೆ ಮೊಕಾನೇ ಇಲ್ಲ ನಂಗೆ."

ಆ ನಗುವನ್ನು ಮದಲೇನಳಿಗೆ ತಡೆದುಕೊಳ್ಳಲು ಆಗಲಿಲ್ಲ. ತಾನು ಕೊಟ್ಟದ್ದು ಸುಳ್ಳು ಮುಖ. ಈ ಹೆಂಗಸು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಊರಿಗೆ ಹೋಗಿ ಸಾಯುವವರೆಗೆ ನೋಡುತ್ತಿರುತ್ತಾಳೆ. ಆ ಸುಳ್ಳು ಎಷ್ಟು ಸಲೀಸಾಗಿ ಬಂತು ಎಂಬುದು ಆಕೆಯನ್ನು ಇನ್ನೂ ಹೆಚ್ಚು ಹೆದರಿಸಿತು. ಇಷ್ಟು ವರ್ಷ ತನ್ನ ಕೈಯಿಂದ ದಾಟಿಹೋದ ಮಕ್ಕಳಲ್ಲಿ ಒಂದರ ಮುಖವೂ ನೆನಪಿಗೆ ಬರಲಿಲ್ಲ. ಬಂದದ್ದು ಬಟ್ಟೆಯ ಮೂಟೆಗಳು. ಹೊತ್ತುಕೊಂಡು ಹೋಗಬಾರದೆಂದು ಮುಖಗಳನ್ನು ಬಿಟ್ಟಿದ್ದಳು. ಮೂಟೆಗಳು ಅವುಗಳಿಗಿಂತ ಭಾರವಾಗಿ ಒಳಗೆ ಕೂತಿದ್ದವು.

ಆಕೆ ನೇರವಾಗಿ ಸಿಸ್ಟರ್ ಲುದೋವಿಕಾ ಅವರ ಬಳಿಗೆ ಹೋಗಿ, ತನಗೆ ಈ ಕೆಲಸ ಇನ್ನು ಸಾಧ್ಯವಿಲ್ಲವೆಂದೂ ಮಧ್ಯಾಹ್ನದ ಬಸ್ಸಿಗೆ ತಂದೆಯ ಮನೆಗೆ ಹೊರಡುವುದಾಗಿಯೂ ತಿಳಿಸಿದಳು. ಸಿಸ್ಟರ್ ಕಾರಣ ಕೇಳಿದರು. ಮದಲೇನ ಹೇಳಲಿಲ್ಲ. ಒತ್ತಾಯಿಸುವುದು ಸಿಸ್ಟರ್ ಅವರ ಸ್ವಭಾವವಲ್ಲ. ಸಮವಸ್ತ್ರಗಳನ್ನು ಬಟ್ಟೆಯ ಕೋಣೆಗೆ ಒಪ್ಪಿಸಿ ಹೋಗು ಎಂದಷ್ಟೇ ಹೇಳಿ ಮುಂದಿನ ಮಂಚದತ್ತ ನಡೆದರು. ಕೆಲಸ ಬಿಟ್ಟು ಹೋಗುವವರು ಹಾಗೆ ಮಾಡುವುದು ಅಲ್ಲಿನ ನಿಯಮ.

ವರಾಂಡದಲ್ಲಿ ದೊಡ್ಡತಾಯಮ್ಮ ಕಂಬಕ್ಕೆ ಒರಗಿ ಎಲೆಯಡಿಕೆ ಮೆಲ್ಲುತ್ತ ಕೂತಿದ್ದಳು. ಮಗ ಮಾದಯ್ಯನನ್ನು ಅರಿಶಿನ, ಉಪ್ಪು ತರಲು ಪೇಟೆಗೆ ಅಟ್ಟಿದ್ದಳು. ಕೂಸನ್ನು ಮಣ್ಣು ಮಾಡುವುದಕ್ಕೆ ಅವು ಬೇಕಿದ್ದವು. ಹೋಗಿ ಬರುವವರಿಗೆಲ್ಲ ಕೇಳುವಂತೆ ಆಕೆ ಸೊಸೆಯನ್ನು ಜರೆಯುತ್ತಿದ್ದಳು. ಹೊಟ್ಟೆ ಹೊತ್ತಾಗೆಲ್ಲ ಮಣ್ಣಿಗೇ ಹೆರುತ್ತಾಳೆ ಎಂದಳು. ಉಡುಪುಗಳ ಗಂಟನ್ನು ಎತ್ತಿಕೊಂಡು ಹೋಗುತ್ತಿದ್ದ ಮದಲೇನಳ ಬಿಳಿಯ ಟೋಪಿಯನ್ನು ಕಂಡು, "ತಲೆ ಮ್ಯಾಲೆ ಕೊಕ್ಕರೆ ಕೂಡಿಸ್ಕಂಡು ಓಡಾಡ್ತವೆ, ಒಂದು ಕೂಸ ಉಳ್ಸಕಾಯ್ತಾ ಇವುಕ್ಕೆ?" ಎಂದು ಚುಚ್ಚಿದಳು. ಮದಲೇನ ಆ ಮಾತಿಗೆ ತಲೆ ತಗ್ಗಿಸಿ ನಡೆದಳು.

ಬಟ್ಟೆಯ ಕೋಣೆಯಲ್ಲಿ ಮಾತೆ ಸೆಲೆಸ್ತೀನಾ ಅವರು ಕಿಟಕಿಯ ಬಳಿ ನಿಂತಿದ್ದರು. ಮದಲೇನ ಉಡುಪುಗಳನ್ನು ಮುಂದಿಟ್ಟು, ತಾನು ಹೊರಡುತ್ತಿರುವುದಾಗಿ ಹೇಳಿದಳು. ಮಾತೆಯವರು ಏಕೆ ಎಂದು ಕೇಳಲಿಲ್ಲ. ಒಂದೊಂದು ಏಪ್ರನ್ನನ್ನೂ ಬೆಳಕಿಗೆ ಹಿಡಿದು ನೋಡಿದರು. ಒಂದರ ಮೇಲೆ ಹಳೆಯ ಕಂದುಬಣ್ಣದ ಕಲೆಯಿತ್ತು. "ಇದು ಹೋಗಿಲ್ಲ" ಎಂದು ಅದನ್ನು ಬೇರೆಯಾಗಿ ಇಟ್ಟರು.

ಆಗ ಮದಲೇನಳಿಗೆ ಮೇಜಿನ ಮೇಲಿದ್ದದ್ದು ಕಂಡಿತು. ಮೊದಲು ಗುರುತಿಸಿದ್ದು ಗಂಟನ್ನು. ಅದು ಆಕೆಯದೇ. ಪಕ್ಕದಲ್ಲಿ ಒಂದು ಬೋಗುಣಿ ಉಗುರುಬೆಚ್ಚಗಿನ ನೀರು, ಮಡಿಸಿದ ಬಿಳಿಯ ಬಟ್ಟೆ, ಆಗತಾನೆ ದಾರ ಕಡಿದ ಒಂದು ಪುಟ್ಟ ಕುಲಾವಿ. ಆಕೆ ಒಂದು ಹೆಜ್ಜೆ ಹಿಂದೆ ಸರಿದಳು. ಇದು ಇನ್ನೂ ಇಲ್ಲಿ ಏಕಿದೆ ಎಂದು ಕೇಳಿದಳು. ಬೆಳಿಗ್ಗೆ ಕೆಲಸದವಳ ಕೈಗೆ ಕೊಟ್ಟ ಮೂಟೆ ಆಗಲೇ ಬೇಲಿಯ ಆಚೆಗೆ ಹೋಗಿರುತ್ತದೆಂದು ಆಕೆ ಯಾವಾಗಲೂ ಎಣಿಸಿದ್ದಳು. ಎಲ್ಲಿಗೆ ಹೋಗುತ್ತದೆಂದು ಎಂದೂ ವಿಚಾರಿಸಿರಲಿಲ್ಲ.

ಮಾತೆಯವರು ಹೇಳಿದ್ದು ಇಷ್ಟು: ಇಲ್ಲಿಂದ ಹೋಗುವ ಮಕ್ಕಳೆಲ್ಲ ಕುಲಾವಿ ತೊಟ್ಟೇ ಹೋಗಬೇಕು. ನಾನು ಈ ಕೋಣೆಗೆ ಬಂದಂದಿನಿಂದ ಒಂದು ಮಗುವನ್ನೂ ಹಾಗೆಯೇ ಕಳುಹಿಸಿಲ್ಲ. ತೊಳೆದು, ತಲೆ ಒರೆಸಿ, ಕಟ್ಟಿ ಕೊಟ್ಟಿದ್ದೇನೆ. ಉಳಿದವರು ಕಟ್ಟಿದ ಮೂಟೆಗಳು ಸುಲಭವಾಗಿ ಬಿಚ್ಚುತ್ತವೆ. ನಿನ್ನದಕ್ಕೆ ಯಾವಾಗಲೂ ಹೆಚ್ಚು ಹೊತ್ತು ಹಿಡಿಯುತ್ತದೆ.

ಅವರು ದೂರುತ್ತಿರಲಿಲ್ಲ. ಇದ್ದದ್ದನ್ನು ಹೇಳುತ್ತಿದ್ದರು. ಮದಲೇನ ಅವರ ಕೈಗಳನ್ನು ನೋಡಿದಳು. ಬೆರಳ ತುದಿಗಳು ಕೆಂಪಗೆ ತರಚಿದ್ದವು. ಬೆಳಗಿನಿಂದ ಅವರು ಆ ಗಂಟಿನೊಡನೆ ಹೆಣಗುತ್ತಿದ್ದರೆಂಬುದು ಸ್ಪಷ್ಟವಾಗಿತ್ತು. ಕತ್ತರಿ ಅಲ್ಲೇ ಇತ್ತು. ಕತ್ತರಿಸಿಬಿಡಬಹುದಲ್ಲ ಅಮ್ಮ ಎಂದಳು.

"ಇದು ತಾಯಿಯ ಸೀರೆ" ಎಂದರು ಮಾತೆಯವರು. "ಕತ್ತರಿ ಹಾಕುವಂತಿಲ್ಲ."

ಮದಲೇನ ಆಗ ಮೊದಲ ಬಾರಿಗೆ ಬಟ್ಟೆಯನ್ನು ದಿಟ್ಟಿಸಿದಳು. ಹಸಿರು ಅಂಚು, ಒಗೆತದಿಂದ ಮಾಸಿದ ಕೆಂಪು. ಪುಟ್ಟಸಿದ್ದಮ್ಮನ ದಿಂಬಿನ ಕೆಳಗಿದ್ದದ್ದು. ನಸುಕಿನಲ್ಲಿ ತಾನು ಕೈಗೆ ಸಿಕ್ಕಿತೆಂದು ಎಳೆದುಕೊಂಡದ್ದು ಇದನ್ನು. ಆ ತಾಯಿ ತೋರಿಸಿ, ಕೂಸಿಗೆಂದು ತಂದದ್ದು ಎಂದು ಹೇಳಿದ್ದಳೋ ಏನೋ, ಅದೂ ಆಕೆಗೆ ನೆನಪಿರಲಿಲ್ಲ.

"ನನ್ನ ಬೆರಳಿಗೆ ಇವತ್ತು ಆಗುತ್ತಿಲ್ಲ. ಗಂಟು ನೀನು ಹಾಕಿದ್ದು, ಮದಲೇನ. ನೀನೇ ಬಿಚ್ಚು."

ಅಷ್ಟು ಹೇಳಿ ಮಾತೆಯವರು ಒಲೆಯ ಕಡೆ ತಿರುಗಿ ಗಂಜಿಯನ್ನು ಕಲಕತೊಡಗಿದರು. ಬಾಗಿಲು ತೆರೆದೇ ಇತ್ತು. ಯಾರೂ ಆಕೆಯನ್ನು ತಡೆದಿರಲಿಲ್ಲ. ಬಸ್ಸಿಗೆ ಇನ್ನೂ ಹೊತ್ತಿತ್ತು. ಮದಲೇನ ಬಾಗಿಲನ್ನೂ ಮೇಜನ್ನೂ ನೋಡುತ್ತ ನಿಂತಳು.

ಕೊನೆಗೆ ಆಕೆ ಮೇಜಿನ ಬಳಿಗೆ ಬಂದು ಗಂಟಿಗೆ ಉಗುರು ಹಾಕಿದಳು. ಬಟ್ಟೆ ತೇವಗೊಂಡಿದ್ದರಿಂದ ಅದು ಕಲ್ಲಿನ ಹಾಗೆ ಬಿಗಿದುಕೊಂಡಿತ್ತು. ಒಂದು ಉಗುರು ಮುರಿಯಿತು. ಮತ್ತೊಂದು ಕಡೆಯಿಂದ ಎಳೆದು ನೋಡಿದಳು. ಬೇರೆ ದಾರಿ ಕಾಣದೆ ಬಾಗಿ ಹಲ್ಲಿನಿಂದ ಕಚ್ಚಿ ಎಳೆದಳು. ಆಕೆಯ ಹಣೆ ಮೂಟೆಗೆ ತಾಗಿತು. ಮೇಲಿನ ಗಂಟು ಸಡಿಲಿತು, ಒಳಗಿನದನ್ನೂ ಹಾಗೆಯೇ ಕಚ್ಚಿ ಬಿಡಿಸಿದಳು. ತಲೆಯೆತ್ತುವ ಮೊದಲೇ ಸೀರೆಯ ಮಡಿಕೆ ತಾನಾಗಿ ಜಾರಿತು. ಮುಖ ಆಕೆಯ ಮುಖದ ಹತ್ತಿರವೇ ಇತ್ತು.

ಹೆಣ್ಣುಮಗು. ದಟ್ಟವಾದ ಕೂದಲು ಹಣೆಗೆ ಅಂಟಿಕೊಂಡಿತ್ತು. ತುಟಿ ಕಪ್ಪಿಟ್ಟಿತ್ತು. ಕೆನ್ನೆಯ ಒಂದು ಕಡೆ ಚರ್ಮ ಸುಲಿದಿತ್ತು. ಮೂಗು ದಪ್ಪವಾಗಿರಲಿಲ್ಲ, ಮೊನಚಾಗಿತ್ತು. ಗದ್ದದ ನಟ್ಟನಡುವೆ, ಯಾರೋ ಬೆರಳಿನಿಂದ ಒತ್ತಿದ ಹಾಗೆ, ಒಂದು ಗುಳಿ. ಆ ಗದ್ದವನ್ನು ಮದಲೇನ ಸ್ವಲ್ಪ ಹೊತ್ತಿನ ಹಿಂದೆ ತಾನೇ ನೋಡಿದ್ದಳು. ವರಾಂಡದ ಕಂಬಕ್ಕೆ ಒರಗಿ ಎಲೆಯಡಿಕೆ ಮೆಲ್ಲುತ್ತ ಅದು ಆಕೆಯನ್ನು ಬೈದಿತ್ತು.

ನಾನು ಸುಳ್ಳು ಹೇಳಿದೆ ಎಂದು ಆಕೆ ಹೇಳಿದಳು. ಬೆಳಿಗ್ಗೆ ನಡೆದದ್ದನ್ನೆಲ್ಲ, ಬಿಟ್ಟು ಬಿಟ್ಟು, ಹೇಳಿ ಮುಗಿಸಿದಳು. ಮಾತೆಯವರು ಒಲೆಯ ಕೆಂಡವನ್ನು ಹೊರಗೆಳೆದು, ಕೈ ತೊಳೆದುಕೊಂಡು ಬಂದರು. ಬೋಗುಣಿಯನ್ನು ಹತ್ತಿರಕ್ಕೆ ಸರಿಸಿದರು. ಅವರು ನೀರು ಹೊಯ್ದರು, ಮದಲೇನ ತೊಳೆದಳು. ಕಿವಿಯ ಹಿಂದೆ, ಕತ್ತಿನ ಮಡಿಕೆಯಲ್ಲಿ, ಮುಚ್ಚಿದ ಮುಷ್ಟಿಯೊಳಗೆ. ಬದುಕಿದ ಮಗುವನ್ನು ಮೀಯಿಸುವಾಗ ತಲೆಯ ಕೆಳಗೆ ಅಂಗೈ ಕೊಡುವಂತೆಯೇ ಆಕೆ ಕೊಟ್ಟಿದ್ದಳು. ಅದು ಆಕೆಯ ಅರಿವಿಗೆ ಬಂದದ್ದು ನೀರು ಮುಗಿದ ಮೇಲೆ. ಕುಲಾವಿಯನ್ನು ಮಾತೆಯವರು ತಾವೇ ಕಟ್ಟಿದರು. ಸೊಟ್ಟ ಬೆರಳುಗಳು ದಾರವನ್ನು ಹಿಡಿಯಲು ಬಹಳ ಹೊತ್ತು ತೆಗೆದುಕೊಂಡವು.

ಆಗ ಮದಲೇನ ಕೇಳಿದಳು. "ಅಮ್ಮ, ಇಷ್ಟು ಮುಖಗಳನ್ನು ನೋಡಿ ನೀವು ಹೇಗೆ ನಿದ್ದೆ ಮಾಡುತ್ತೀರಿ?"

"ಎಲ್ಲ ದಿನವೂ ನಿದ್ದೆ ಬರುವುದಿಲ್ಲ, ಮಗಳೇ."

ಪ್ರಾರ್ಥನೆಯಿಂದ ಶಾಂತಿ ಸಿಗುತ್ತದೆ, ದೇವರ ಚಿತ್ತವೆಂದು ಒಪ್ಪಿಸಿಬಿಡುತ್ತೇನೆ, ಅಭ್ಯಾಸವಾಗಿದೆ ಎಂದು ಅವರು ಏನಾದರೊಂದು ಹೇಳಿಯಾರು ಎಂದು ಮದಲೇನ ಕಾದಿದ್ದಳು. ಹಾಗೆ ಹೇಳಿದ್ದರೆ ಆ ದಿನವೇ ಬಸ್ಸು ಹತ್ತುತ್ತಿದ್ದೆನೆಂದು ಆಕೆ ಆಮೇಲೆ ಅನೇಕರಿಗೆ ಹೇಳಿದ್ದಾಳೆ.

ಶಿಲುಬೆಯ ಹಾದಿಯ ಪ್ರಾರ್ಥನೆಗೆ ಗಂಟೆ ಹೊಡೆಯಿತು. ಮಾತೆಯವರು ಮಗುವನ್ನು ಅದೇ ಸೀರೆಯಲ್ಲಿ ಸುತ್ತಿ ಎತ್ತಿಕೊಂಡು ದೇವಾಲಯದತ್ತ ಹೋಗದೆ ಹೆರಿಗೆಮನೆಯತ್ತ ನಡೆದರು. ಹೋಗುತ್ತ, ನೋಡಿದ್ದನ್ನು ಹೋಗಿ ಹೇಳು ಎಂದರು.

ವಾರ್ಡಿನ ಬಾಗಿಲಲ್ಲಿ ಸಿಸ್ಟರ್ ಲುದೋವಿಕಾ ಇದ್ದರು. ಸತ್ತ ಮಗುವನ್ನು ತಾಯಿಗೆ ತೋರಿಸಬಾರದು ಎಂಬ ನಿಯಮ ಆ ಕಾಲದ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿತ್ತು. ತಾಯಿಗೆ ಆಘಾತವಾದೀತೆಂಬ ಕರುಣೆಯಿಂದಲೇ ಅದನ್ನು ಮಾಡಿದ್ದರು. ಮಾತೆ ಸೆಲೆಸ್ತೀನಾ ಅವರು ಒಂದು ಕಾಲಕ್ಕೆ ಸಿಸ್ಟರ್ ಲುದೋವಿಕಾ ಅವರಿಗೇ ಕೆಲಸ ಕಲಿಸಿದವರು. ಈಗ ಅವರ ಅಧೀನರು. ಅವರು ವಾದಿಸಲಿಲ್ಲ, ಪಕ್ಕದಿಂದ ನುಸುಳಿಯೂ ಹೋಗಲಿಲ್ಲ. ತಲೆ ಬಾಗಿಸಿ, "ಅಪ್ಪಣೆ ಕೊಡಿ, ಸಿಸ್ಟರ್" ಎಂದರು.

ಸಿಸ್ಟರ್ ಲುದೋವಿಕಾ ಅವರ ನೋಟ ಕುಲಾವಿಯ ಮೇಲೆ ನಿಂತಿತು. ಮುಂದಿನ ಮಂಚದ ಮಾತು ಅವರ ಬಾಯಿಗೆ ಬರಲಿಲ್ಲ. ಪಕ್ಕಕ್ಕೆ ಸರಿದರು, ಆಮೇಲೆ ತಾವೇ ಹೋಗಿ ಪುಟ್ಟಸಿದ್ದಮ್ಮನ ಮಂಚದ ಸುತ್ತ ಪರದೆ ಎಳೆದು ಒಳಗೇ ನಿಂತರು.

ದೊಡ್ಡತಾಯಮ್ಮ ವರಾಂಡದಿಂದ ಎದ್ದು ಓಡಿಬಂದಳು. ಸತ್ತ ಕೂಸಿನ ಮುಖವನ್ನು ತಾಯಿ ಕಂಡರೆ ಇನ್ನೊಂದು ಬಸಿರು ನಿಲ್ಲುವುದಿಲ್ಲ, ನಿಮಗೆ ಮಕ್ಕಳುಮರಿ ಇಲ್ಲ, ನಿಮಗೇನು ಗೊತ್ತು ಎಂದು ಕನ್ಯಾಸ್ತ್ರೀಯರಿಬ್ಬರನ್ನೂ ಸೇರಿಸಿ ಬೈದಳು. ಮಾತೆಯವರು ಆಕೆಗೂ ದಾರಿ ಬಿಟ್ಟು, ಒಳಗೆ ಬನ್ನಿ ಎಂದರು.

ಮದಲೇನ ಮಂಚದ ಪಕ್ಕದಲ್ಲಿ ಮಂಡಿಯೂರಿದಳು. ಹೇಳುವುದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಈಗ ಉಳಿದದ್ದು ಸ್ವಲ್ಪವೇ.

"ಬೆಳಿಗ್ಗೆ ನಾನು ಕೂಸಿನ ಮುಖ ನೋಡಿರಲಿಲ್ಲಮ್ಮ. ನೋಡದೆ ಹೇಳಿದೆ. ಈಗ ನೋಡಿ ಬಂದಿದ್ದೇನೆ. ನಿಮ್ಮ ಯಜಮಾನರ ಹಾಗಿಲ್ಲ."

ಕೋಪಿಸಿಕೊಳ್ಳುವಷ್ಟು ಶಕ್ತಿ ಪುಟ್ಟಸಿದ್ದಮ್ಮನ ಮೈಯಲ್ಲಿರಲಿಲ್ಲ. "ಮತ್ಯಾರಂಗದೆ?" ಎಂದಳು.

ಮದಲೇನ ಮಾತೆಯವರ ಕಡೆ ತಿರುಗಿದಳು. ಮಾತೆಯವರು ಬಾಗಿ, ಮಗುವನ್ನು ತಾಯಿಯ ಮಡಿಲಿಗೆ ಇಟ್ಟು, ಸೀರೆಯ ಅಂಚನ್ನು ಸರಿಸಿದರು.

ಮೊದಲು ಕಂಡದ್ದು ದೊಡ್ಡತಾಯಮ್ಮನಿಗೆ. ಬೈಗುಳ ಅರ್ಧಕ್ಕೆ ನಿಂತಿತು. ಆಕೆಯ ಕೈ ತನ್ನ ಗದ್ದಕ್ಕೆ ಹೋಯಿತು, ಅಲ್ಲಿಯ ಗುಳಿಯ ಮೇಲೆ ಬೆರಳು ನಿಂತಿತು. ಮಂಚದ ಬುಡದಲ್ಲಿ ನೆಲಕ್ಕೆ ಕೂತಳು.

"ಅತ್ತೆ" ಎಂದಳು ಪುಟ್ಟಸಿದ್ದಮ್ಮ, ಮಗುವಿನಿಂದ ಕಣ್ಣು ತೆಗೆಯದೆ. "ನಿಮ್ಮಂಗದೆ." ಬೆರಳಿನಿಂದ ಮೂಗು, ತುಟಿ, ಆ ಗುಳಿ ಮುಟ್ಟಿ ಮುಟ್ಟಿ ನೋಡಿದಳು. ಕುಲಾವಿಯೊಳಗಿನಿಂದ ಒಂದು ಎಳೆ ಕೂದಲನ್ನು ಹೊರಗೆ ತೆಗೆದು ಮತ್ತೆ ಒಳಗೆ ಸೇರಿಸಿದಳು. ಆಮೇಲೆ, ಬಹುಕಾಲದಿಂದ ಇಟ್ಟುಕೊಂಡಿದ್ದದ್ದನ್ನು, ದನಿಯೆತ್ತದೆ ಕೇಳಿದಳು. "ಅವ್ವೆಲ್ಲ ಎಂಗಿದ್ವು ಅತ್ತೆ? ಮುದ್ದೆ ಅಂದ್ರಲ್ಲ. ಮುದ್ದೇನೇ ಇದ್ವಾ?"

ದೊಡ್ಡತಾಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅದನ್ನು ತೆಗೆದು ಹೇಳಿದಳು.

"ಇಲ್ಲ ಕನವ್ವ. ಮೊಕ ಇದ್ವು. ಎಲ್ಲಾಕ್ಕೂವೆ ಮೊಕ ಇದ್ವು. ನೀ ಬದುಕ್ಲಿ ಅಂತ ಅಂಗಂದೆ. ನಾನೊಬ್ಳೇ ನೋಡ್ಬುಟ್ಟು ಒಳಗೇ ಇಟ್ಕಂಡಿವ್ನಿ."

ಅತ್ತೆ ಸೊಸೆಯರು ಅಳುವುದನ್ನು ಯಾರೂ ತಡೆಯಲಿಲ್ಲ. ಪರದೆಯ ಆಚೆ ಒಂದು ಮಗು ಹಾಲಿಗಾಗಿ ಕಿರುಚುತ್ತಿತ್ತು. ದೊಡ್ಡತಾಯಮ್ಮ ಮಂಚದ ಕಾಲನ್ನು ಹಿಡಿದುಕೊಂಡು, ಹಿಂದಿನ ಒಂದೊಂದು ಕೂಸಿನ ಗುರುತನ್ನೂ ಸೊಸೆಗೆ ಹೇಳಿದಳು. ಒಂದರ ಕಿವಿ ಅಗಲ. ಒಂದಕ್ಕೆ ಹುಬ್ಬು ಕೂಡಿತ್ತು. ಗಂಡುಕೂಸಿನ ಕಾಲ್ಬೆರಳು ಅದರ ಅಪ್ಪನ ಬೆರಳಿನ ಹಾಗೇ ಉದ್ದ. ಪೇಟೆಯಿಂದ ಬಂದ ಮಾದಯ್ಯ ಅರ್ಧದಲ್ಲಿ ಒಳಗೆ ಬಂದು, ಅರಿಶಿನ ಉಪ್ಪಿನ ಪೊಟ್ಟಣಗಳನ್ನು ಕೈಯಲ್ಲಿ ಹಿಡಿದುಕೊಂಡೇ ತಾಯಿಯ ಮಾತನ್ನು ಕೇಳುತ್ತ ನಿಂತುಬಿಟ್ಟನು. ಅವನಿಗೂ ಅದುವರೆಗೆ ಯಾರೂ ಹೇಳಿರಲಿಲ್ಲ.

ಮಣ್ಣಿಗೆ ಹೋಗುವ ಕೂಸಿಗೆ ಹೆಸರಿಡುವ ಪದ್ಧತಿ ಆ ಊರುಗಳಲ್ಲಿ ಇರಲಿಲ್ಲ. ಎತ್ತಿಕೊಳ್ಳುವ ಹೊತ್ತಿಗೆ ದೊಡ್ಡತಾಯಮ್ಮ ಮಗನ ಕೈಯನ್ನು ಹಿಂದಕ್ಕೆ ತಳ್ಳಿ, ಮೊದಲು ಅದರ ಕಿವಿಯಲ್ಲಿ ನನ್ನ ಹೆಸರನ್ನೇ ಹೇಳು ಎಂದಳು. ದೊಡ್ಡದು ನಾನಿದ್ದೇನೆ, ಇದು ಚಿಕ್ಕದು ಎಂದಳು. ಮಾದಯ್ಯ ಬಾಗಿ ಹೇಳಿದನು.

ಸೀರೆಯನ್ನು ಮತ್ತೆ ಕಟ್ಟಿದವಳು ಮದಲೇನ. ಈ ಸಲ ಮುಖವನ್ನು ಕೊನೆಯಲ್ಲಿ ಮುಚ್ಚಿದಳು. ಎಳೆದರೆ ಬಿಚ್ಚುವಂಥ ಒಂದೇ ಸುತ್ತು ಹಾಕಿದಳು. ಬೇಲಿಯ ಬಳಿಯ ಹೊಂಗೆಮರದ ಕೆಳಗೆ ಮಾದಯ್ಯ ಗುಂಡಿ ತೋಡುವಾಗ ಮಾತೆಯವರು ದೂರದಲ್ಲಿ ಮಂಡಿಯೂರಿದ್ದರು. ತೀರಿಹೋಗಿ ಹುಟ್ಟಿದ ಮಗುವಿಗೆ ಕ್ರೈಸ್ತ ದೀಕ್ಷೆಯ ಜ್ಞಾನಸ್ನಾನವಿಲ್ಲ. ಆ ಕುಟುಂಬ ಬೇರೆ ಧರ್ಮದ್ದು. ಅವರು ಯಾವ ವಿಧಿಯನ್ನೂ ಮಾಡಲಿಲ್ಲ, ಗಟ್ಟಿಯಾಗಿ ಏನನ್ನೂ ಹೇಳಲಿಲ್ಲ. ಗುಂಡಿ ಮುಚ್ಚಿದ ಮೇಲೂ ಸ್ವಲ್ಪ ಹೊತ್ತು ಹಾಗೇ ಇದ್ದರು.

ಅಷ್ಟರಲ್ಲಿ ಬಸ್ಸು ಹೋಗಿಯಾಗಿತ್ತು. ಮದಲೇನ ಬಟ್ಟೆಯ ಕೋಣೆಗೆ ಹಿಂತಿರುಗಿ, ಒದ್ದೆ ಬಟ್ಟೆಗಳ ನಡುವೆ ನೆಲದ ಮೇಲೆ ಕೂತು ಅತ್ತಳು. ತನ್ನ ಕೈಯಿಂದ ಮುಖವಿಲ್ಲದೆ ಹೋದ ಎಲ್ಲ ಮಕ್ಕಳಿಗಾಗಿ ಅತ್ತಳು. ಮಾತೆಯವರು ಆಕೆಯ ತಲೆ ಸವರಲಿಲ್ಲ, ಅಳಬೇಡವೆಂದೂ ಹೇಳಲಿಲ್ಲ. ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬಿ, ಬೇರೆಯಾಗಿ ಇಟ್ಟಿದ್ದ ಆ ಏಪ್ರನ್ನನ್ನು ತೆಗೆದು ನಿಧಾನವಾಗಿ ತೀಡಿದರು. ಕಲೆ ಹಾಗೆಯೇ ಇತ್ತು. ಹೆರಿಗೆಮನೆಯ ಕಡೆಯಿಂದ ಸಿಸ್ಟರ್ ಲುದೋವಿಕಾ ಅವರು ಮದಲೇನಳ ಹೆಸರು ಹಿಡಿದು ಕೂಗಿದರು. ಮಾತೆಯವರು ಏಪ್ರನ್ನನ್ನು ಮಡಿಸದೆ, ಬಿಸಿಬಿಸಿಯಾಗಿದ್ದಂತೆಯೇ ಆಕೆಯ ಮುಂದೆ ಚಾಚಿದರು. ಆಕೆ ಮುಖ ತೊಳೆದುಕೊಂಡು ಅದನ್ನು ಕಟ್ಟಿಕೊಂಡಳು.

ಅಂದಿನಿಂದ ಆ ಆಸ್ಪತ್ರೆಯಲ್ಲಿ ಮಕ್ಕಳು ಸಾಯುವುದು ನಿಂತಿತೆಂದು ಯಾರೂ ತಿಳಿಯಬಾರದು. ಮುಂದಿನ ವಾರವೇ ಒಂದು ಸತ್ತಿತು, ಮಳೆಗಾಲದಲ್ಲಿ ಇನ್ನಷ್ಟು. ಪುಟ್ಟಸಿದ್ದಮ್ಮ ಮತ್ತೆ ಆ ಆಸ್ಪತ್ರೆಗೆ ಬರಲಿಲ್ಲ. ಆಕೆಗೆ ಮಕ್ಕಳಾದವೋ ಇಲ್ಲವೋ ತಿಳಿಯದು. ಮದಲೇನ ತನ್ನ ತಲೆ ನರೆಯುವವರೆಗೆ ಅದೇ ಹೆರಿಗೆಮನೆಯಲ್ಲಿ ದುಡಿದಳು. ಸತ್ತು ಹುಟ್ಟಿದ ಪ್ರತಿ ಮಗುವಿನ ಮುಖವನ್ನೂ ನೋಡಿದಳು. ಯಾರ ಹಾಗಿತ್ತೆಂದು ತಾಯಂದಿರು ಕೇಳಿದಾಗ ನೋಡಿದ್ದನ್ನು ಹೇಳಿದಳು, ಬೇಕೆಂದವರಿಗೆ ತೋರಿಸಿದಳು. ಮಾತೆಯವರು ತೀರಿಕೊಂಡ ಮೇಲೆ, ಕೆಲಸದ ನಡುವೆ ಬಿಡುವು ಸಿಕ್ಕಾಗಲೆಲ್ಲ ಅಡುಗೆಮನೆಯ ಹಿಂದಿನ ಆ ಕೋಣೆಗೆ ಹೋಗಿ ಕುಲಾವಿ ಹೊಲಿಯುತ್ತಿದ್ದಳು. ಹೊಸದಾಗಿ ಬಂದ ದಾದಿಯರು ರಾತ್ರಿ ನಿದ್ದೆ ಬರುವುದಿಲ್ಲವೆಂದು ಆಕೆಯ ಬಳಿ ಹೇಳಿಕೊಂಡರೆ, ತನಗೂ ಎಲ್ಲ ದಿನವೂ ಬರುವುದಿಲ್ಲವೆಂದು ಹೇಳಿ ಅವರ ಕೈಗೆ ಸೂಜಿ ಕೊಡುತ್ತಿದ್ದಳು.

ಆ ಶುಕ್ರವಾರ ಪರದೆಯೊಳಗೆ ಇದ್ದವರು: ಪೂಜ್ಯ ಮಾತೆ ಸೆಲೆಸ್ತೀನಾ, ಸಿಸ್ಟರ್ ಲುದೋವಿಕಾ, ದಾದಿ ಮದಲೇನ, ಹಾಲುಗೆರೆಯ ದೊಡ್ಡತಾಯಮ್ಮ, ಆಕೆಯ ಮಗ ಮಾದಯ್ಯ, ಆತನ ಹೆಂಡತಿ ಪುಟ್ಟಸಿದ್ದಮ್ಮ, ಅವರ ಮಗಳು ಚಿಕ್ಕತಾಯಿ.